ಗುರಿಯ ಕಾಲಂ, ಅಂದಾಜಿನ ಕಾಲಂ

ಎಷ್ಟು ಮಾರಬೇಕು ಎಂಬುದು ಆಡಳಿತದ ಅಪೇಕ್ಷೆ. ಎಷ್ಟು ಮಾರಾಟವಾದೀತು ಎಂಬುದು ಪುರಾವೆಯ ಮೇಲೆ ಕಟ್ಟಿದ ಅಂದಾಜು. ಇವೆರಡನ್ನೂ ಬೆರೆಸದೆ ಅಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಬೆಳೆಯಲು ಬಹಳ ಕಾಲ ಹಿಡಿಯಿತು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಡೇಟನ್‌ನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಜಾನ್ ಪ್ಯಾಟರ್ಸನ್ ಮಾರಾಟಗಾರರಿಗೆ ಪ್ರದೇಶ ಹಂಚಿ ಕೋಟಾ ಗೊತ್ತುಮಾಡಿದಾಗ ಗುರಿಯದೇ ಆಳ್ವಿಕೆ. ಅಷ್ಟೇ ಸಾಲದೆಂಬುದು ಜನರಲ್ ಮೋಟರ್ಸ್‌ಗೆ ಪೆಟ್ಟು ಬಿದ್ದ ಮೇಲೆ ತಿಳಿಯಿತು. 1924ರಲ್ಲಿ ಅದರ ಅಧ್ಯಕ್ಷ ಆಲ್‌ಫ್ರೆಡ್ ಸ್ಲೋನ್ ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ, ಲಾಸ್ ಏಂಜಲೀಸ್‌ಗಳಲ್ಲಿ ಡೀಲರ್‌ಗಳ ಅಂಗಳಕ್ಕೇ ಹೋಗಿ, ಬಿಕರಿಯಾಗದೆ ಸಾಲುಗಟ್ಟಿ ನಿಂತ ಕಾರುಗಳನ್ನು ಕಂಡರು. ವಿಭಾಗಗಳ ಮುಖ್ಯಸ್ಥರ ಹುಮ್ಮಸ್ಸಿನ ಅಂಕಿಗಳನ್ನು ನಂಬಿ ಕಾರ್ಖಾನೆ ಓಡಿತ್ತು. ಸ್ಲೋನ್ ತಕ್ಷಣ ಉತ್ಪಾದನೆ ತಗ್ಗಿಸಿದರು. ಡೀಲರ್‌ಗಳಿಂದ ಹತ್ತು ದಿನಕ್ಕೊಮ್ಮೆ ಮಾರಾಟದ ವರದಿ ತರಿಸಿ ಅಂದಾಜು ತಿದ್ದುವ ಕ್ರಮ ಗಟ್ಟಿಯಾಯಿತು.

ಗಣಿತ ಬಂದದ್ದು ಆಮೇಲೆ. 1950ರ ದಶಕದಲ್ಲಿ ರಾಬರ್ಟ್ ಬ್ರೌನ್ ಮತ್ತು ಚಾರ್ಲ್ಸ್ ಹೋಲ್ಟ್, 1960ರಲ್ಲಿ ಪೀಟರ್ ವಿಂಟರ್ಸ್ ರೂಪಿಸಿದ ವಿಧಾನಗಳು ಇತ್ತೀಚಿನ ಮಾರಾಟಕ್ಕೆ ಹೆಚ್ಚು ತೂಕ ಕೊಟ್ಟು ಮುಂದಿನದನ್ನು ಲೆಕ್ಕ ಹಾಕುತ್ತವೆ. ಇಂದಿನ ತಂತ್ರಾಂಶಗಳಲ್ಲೂ ಅವು ಬಳಕೆಯಲ್ಲಿವೆ. 1979ರ ವಿಸಿಕ್ಯಾಲ್ಕ್‌ನಿಂದ ಸ್ಪ್ರೆಡ್‌ಶೀಟ್ ಎಲ್ಲರ ಮೇಜಿಗೂ ಬಂತು, ಜೊತೆಗೆ ಹಳೆಯ ರೋಗವೂ ಸಲೀಸಾಯಿತು: ಮೇಲಿನವರಿಗೆ ಬೇಕಾದ ಮೊತ್ತ ಬರುವ ತನಕ ಬೆಳವಣಿಗೆಯ ಶೇಕಡಾವಾರನ್ನು ಏರಿಸುತ್ತ ಹೋದರೆ ಸಾಕು, ಗುರಿಯೇ ಅಂದಾಜಿನ ವೇಷ ತೊಡುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1990ರ ದಶಕದ ಎಸ್‌ಬೇಸ್‌ನಂಥ ಬಹು ಆಯಾಮದ ಡೇಟಾಬೇಸ್‌ಗಳದು. ಬಜೆಟ್, ಅಂದಾಜು, ವಾಸ್ತವ ಮಾರಾಟ ಇವಕ್ಕೆ ಅಲ್ಲಿ ಪ್ರತ್ಯೇಕ ಜಾಗವಿತ್ತು. ಯಾವ ಸರಕು, ಯಾವ ಊರು, ಯಾವ ತಿಂಗಳಲ್ಲಿ ಎಷ್ಟು ಅಂತರ ಎಂಬುದನ್ನು ಕಳೆದು ನೋಡಬಹುದಿತ್ತು. ಯೋಜನೆಗೆ ಬೇಕಾದ ಸುದ್ದಿ ಇರುವುದು ಆ ಅಂತರದಲ್ಲೇ.

ಎರಡು ಅಂಕಿ ಇದ್ದರೆ ಗೊಂದಲ, ಇಡೀ ಕಂಪನಿ ಒಂದೇ ಅಂಕಿಯ ಮೇಲೆ ನಡೆಯಬೇಕು ಎಂಬ ವಾದವಿದೆ. ಖರೀದಿ, ಉತ್ಪಾದನೆ, ನಗದಿನ ಮಟ್ಟಿಗೆ ಅದು ಸರಿಯೇ. ಆದರೆ ಆ ಒಂದು ಅಂಕಿ ಅಂದಾಜಿನದಾಗಿರಬೇಕು, ಗುರಿಯದಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಪ್ರೋತ್ಸಾಹಧನ ಗುರಿಗೆ ಕಟ್ಟಿರುವಾಗ ಮಾರಾಟಗಾರ ಬೇಕೆಂದೇ ಕಡಿಮೆ ಅಂದಾಜು ಹೇಳುತ್ತಾನೆ, ಮುಂದಿನ ಗುರಿ ತಗ್ಗಲಿ ಎಂದು. ಬ್ರೆಜಿಲ್‌ನ ಐಬಿಎಂ ಇದಕ್ಕೆ ಕಂಡುಕೊಂಡ ಉಪಾಯವನ್ನು ಜೇಕಬ್ ಗೋನಿಕ್ 1978ರಲ್ಲಿ ವಿವರಿಸಿದರು. ಗುರಿ 500, ಮಾರಾಟವೂ 500 ಎನ್ನಿ. ಮಾರಾಟಗಾರ ಮೊದಲೇ 500 ಎಂದಿದ್ದರೆ ಪ್ರೋತ್ಸಾಹಧನ ಶೇ. 120, 250 ಎಂದು ತಗ್ಗಿಸಿದ್ದರೂ 750 ಎಂದು ಉಬ್ಬಿಸಿದ್ದರೂ ಶೇ. 90 ಮಾತ್ರ. ಹೆಚ್ಚು ಮಾರಿದರೆ ಹೆಚ್ಚು ಹಣ, ಸರಿಯಾಗಿ ಅಂದಾಜಿಸಿದರೆ ಇನ್ನೂ ಹೆಚ್ಚು. ಮಾರಾಟಗಾರರ ಮುನ್ನಂದಾಜು ಸುಳ್ಳಾಗುವುದು ಅವರ ಸ್ವಭಾವದಿಂದಲ್ಲ, ಸಂಬಳದ ಸೂತ್ರದಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಕಂಡಿಲ್ಲ.

ವಾಲ್‌ಮಾರ್ಟ್‌ನ ಮಾರಾಟದ ಅಂಕಿಗಳ ಮೇಲೆ 2020ರಲ್ಲಿ ನಡೆದ ಎಂ5 ಎಂಬ ಮುನ್ನಂದಾಜಿನ ಸ್ಪರ್ಧೆಯಲ್ಲಿ ಯಂತ್ರಕಲಿಕೆಯ ವಿಧಾನಗಳು ಮುಂದೆ ಬಂದವು. ಅಂದಾಜು ಇನ್ನಷ್ಟು ನಿಖರವಾದೀತು. ಆದರೆ ಆ ಅಂದಾಜನ್ನು ಕೈಯಾರೆ ಗುರಿಯ ಮಟ್ಟಕ್ಕೆ ಏರಿಸುವ ಅಧಿಕಾರಿಯನ್ನು ಯಾವ ಮಾದರಿಯೂ ತಡೆಯಲಾರದು. ಯೋಜನೆಯ ಹೊಣೆ ಹೊತ್ತವರಲ್ಲಿ ಕೇಳುವುದಿಷ್ಟೇ: ಗುರಿ ಬದಲಾಯಿತೆಂದು ಅಂದಾಜಿಗೆ ಕೈಹಾಕಬೇಡಿ, ಮತ್ತು ಹೊಸ ಅಂದಾಜು ಬಂದಾಗ ಹಳೆಯದನ್ನು ಅಳಿಸದೆ ಉಳಿಸಿಕೊಳ್ಳಿ.