ಕನ್ನಡ ಫಾಂಟುಗಳನ್ನು ಪಡೆದು ಗಣಕಯಂತ್ರದಲ್ಲಿ ಅಳವಡಿಸಿಕೊಳ್ಳುವ ಕ್ರಮ: ಅರ್ಜಿದಾರರಿಗೆ ಮಾಹಿತಿ

ಸೇವೆಗಳನ್ನು ಕೋರಿ ಸಲ್ಲಿಸುವ ಅರ್ಜಿ, ಮನವಿ, ಮುಚ್ಚಳಿಕೆ ಪತ್ರಗಳನ್ನು ಮನೆಯಲ್ಲಿಯೋ ಸಮೀಪದ ಗಣಕ ಕೇಂದ್ರದಲ್ಲಿಯೋ ಬೆರಳಚ್ಚು ಮಾಡಿಸಿ, ಕಡತದ ರೂಪದಲ್ಲಿ ಕಳುಹಿಸುವುದು ರೂಢಿಯಲ್ಲಿದೆ. ಇಂತಹ ಕಡತಗಳಲ್ಲಿ ಕೆಲವು, ಕಚೇರಿಯಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಇನ್ನು ಕೆಲವು ಓದಲು ಬಂದರೂ, ಅರ್ಜಿದಾರರ ಹೆಸರು ದಾಖಲೆಯಲ್ಲಿನ ಹೆಸರಿಗೆ ತಾಳೆಯಾಗುವುದಿಲ್ಲ. ಪರದೆಯ ಮೇಲೆ ಕಾಣುವ ಅಕ್ಷರವೇ ಬೇರೆ, ಕಡತದೊಳಗೆ ಉಳಿಯುವ ಸಂಕೇತವೇ ಬೇರೆ ಎಂಬುದು ಈ ಎರಡೂ ತೊಂದರೆಗಳ ಮೂಲವಾಗಿದೆ.

ಫಾಂಟುಗಳಲ್ಲಿ ಎರಡು ಬಗೆ

ಕನ್ನಡದ ಫಾಂಟುಗಳಲ್ಲಿ ಹಳೆಯ ಆಸ್ಕಿ ಆಧಾರಿತ ಫಾಂಟುಗಳು ಮತ್ತು ಯೂನಿಕೋಡ್ ಫಾಂಟುಗಳು ಎಂಬ ಎರಡು ಬಗೆಗಳಿವೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ, ನಂತರ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಈ ಎರಡು ತಂತ್ರಾಂಶಗಳ ಆರಂಭಿಕ ಫಾಂಟುಗಳು ಮೊದಲನೆಯ ಬಗೆಗೆ ಸೇರಿದವು. ಇವುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡ ಅಕ್ಷರಭಾಗಗಳ ಆಕಾರಗಳನ್ನು ಕೂರಿಸಲಾಗಿದೆ. ಉದಾಹರಣೆಗೆ, ನುಡಿ ಆಸ್ಕಿ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವು ಏಳು ಸಂಕೇತಗಳಾಗಿ ಉಳಿಯುತ್ತದೆ. ‘ಕ’ಕಾರದ ಮೈ ಒಂದು ಸಂಕೇತವಾದರೆ ತಲೆಕಟ್ಟು ಮತ್ತೊಂದು. ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಈ ಪದವು ಪಿ ಎಂಬ ರೋಮನ್ ಅಕ್ಷರದಿಂದ ಆರಂಭವಾಗಿ, ನಡುವೆ ಪೌಂಡ್ ನಾಣ್ಯದ ಚಿಹ್ನೆಯನ್ನೂ ಒಳಗೊಂಡ ಸಾಲಾಗಿ ಕಾಣುತ್ತದೆ.

ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಅಲ್ಲಿ ‘ಕನ್ನಡ’ ಎಂಬುದು ಕ, ನ, ಹಲಂತ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಫಾಂಟು ಬದಲಾದರೆ ಅಕ್ಷರದ ಅಂದ ಬದಲಾದೀತೇ ಹೊರತು ಪದ ಬದಲಾಗದು. ಭಾರತ ಸರ್ಕಾರವು ಇ-ಆಡಳಿತಕ್ಕೆ ಯೂನಿಕೋಡನ್ನು 2009ರಲ್ಲಿ ಶಿಷ್ಟತೆಯಾಗಿ ಅಧಿಸೂಚಿಸಿದೆ. ಆದುದರಿಂದ ಹೊಸದಾಗಿ ಸಿದ್ಧಪಡಿಸುವ ಯಾವುದೇ ಪತ್ರಕ್ಕೆ ಯೂನಿಕೋಡ್ ಫಾಂಟನ್ನೇ ಬಳಸುವುದು ಸೂಕ್ತ. ಆಸ್ಕಿ ಫಾಂಟುಗಳ ಅಗತ್ಯ ಉಳಿದಿರುವುದು ಬಹುಮಟ್ಟಿಗೆ ಹಳೆಯ ಕಡತಗಳನ್ನು ಓದುವುದಕ್ಕೆ ಮಾತ್ರ.

ಪಡೆಯುವುದು ಮತ್ತು ಅಳವಡಿಸುವುದು

ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ನಿರ್ಮಲಾ ಯುಐ ಎಂಬ ಯೂನಿಕೋಡ್ ಫಾಂಟು ಮೊದಲೇ ಇರುತ್ತದೆ. ಸಾಮಾನ್ಯ ಅರ್ಜಿಗೆ ಬೇರೆ ಫಾಂಟು ಹುಡುಕುವ ಅಗತ್ಯವೇ ಇಲ್ಲ. ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ತುಂಗಾ ಫಾಂಟು ವಿಂಡೋಸ್ 10ರಿಂದ ಐಚ್ಛಿಕ ಸೌಲಭ್ಯವಾಗಿದ್ದು, ಬೇಕಾದವರು ಸೆಟ್ಟಿಂಗ್ಸ್ ಮೂಲಕ ಸೇರಿಸಿಕೊಳ್ಳಬಹುದು. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಇವು ಮುಕ್ತ ಪರವಾನಗಿಯುಳ್ಳ ಫಾಂಟುಗಳಾಗಿದ್ದು ಉಚಿತವಾಗಿ ದೊರೆಯುತ್ತವೆ. ನುಡಿಯ ಫಾಂಟುಗಳಲ್ಲಿ ಹೆಸರಿನೊಳಗೆ ‘ಯೂನಿ’ ಎಂದಿರುವವು ಯೂನಿಕೋಡ್ ಫಾಂಟುಗಳು. ‘ನುಡಿ 01 ಇ’ ಎಂಬಂತೆ ಇರುವವು ಆಸ್ಕಿ ಫಾಂಟುಗಳು.

ಫಾಂಟು ಎಂಬುದು ಟಿಟಿಎಫ್ ಅಥವಾ ಒಟಿಎಫ್ ಎಂದು ಕೊನೆಗೊಳ್ಳುವ ಕಡತ. ಫಾಂಟಿನ ಹೆಸರಿನಲ್ಲಿ ಇಎಕ್ಸ್ಇ ಕಡತವನ್ನು ನೀಡುವ ಅಪರಿಚಿತ ಜಾಲತಾಣಗಳಿಂದ ದೂರವಿರತಕ್ಕದ್ದು. ನುಡಿ, ಬರಹಗಳಂತಹ ಪೂರ್ಣ ತಂತ್ರಾಂಶಗಳು ಇಎಕ್ಸ್ಇ ರೂಪದಲ್ಲಿಯೇ ಇರುತ್ತವೆಯಾದರೂ ಅವುಗಳನ್ನು ಆಯಾ ಸಂಸ್ಥೆಯ ತಾಣದಿಂದಲೇ ಪಡೆಯತಕ್ಕದ್ದು.

ಕಡತವು ಜಿಪ್ ರೂಪದಲ್ಲಿದ್ದಲ್ಲಿ ಮೊದಲು ಅದನ್ನು ಬಿಡಿಸಿಕೊಂಡು, ಫಾಂಟ್ ಕಡತದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಇನ್‌ಸ್ಟಾಲ್’ ಆಯ್ಕೆ ಮಾಡಬೇಕು. ಒಂದೇ ಯಂತ್ರವನ್ನು ಹಲವರು ಬಳಸುವಲ್ಲಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂಬುದನ್ನು ಆರಿಸುವುದು ಒಳ್ಳೆಯದು. ಒಬ್ಬ ಬಳಕೆದಾರರಿಗಷ್ಟೇ ಅಳವಡಿಸಿದ ಫಾಂಟು ಕೆಲವು ಹಳೆಯ ತಂತ್ರಾಂಶಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ತೆರೆದಿರುವ ವರ್ಡ್ ಮುಂತಾದವುಗಳನ್ನು ಮುಚ್ಚಿ ಪುನಃ ತೆರೆಯಬೇಕು. ಮ್ಯಾಕ್ ಯಂತ್ರಗಳಲ್ಲಿ ಫಾಂಟ್ ಬುಕ್ ಮೂಲಕ ಅಳವಡಿಕೆ ನಡೆಯುತ್ತದೆ.

ತಂತ್ರಾಂಶಗಳಲ್ಲಿ ಬಳಕೆ

ವರ್ಡ್ ತಂತ್ರಾಂಶದ ಫಾಂಟ್ ಚೌಕದಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಪ್ರತ್ಯೇಕ ಅಂಕಣವಿದೆ. ಯೂನಿಕೋಡ್ ಕನ್ನಡಕ್ಕೆ ಅನ್ವಯಿಸುವ ಫಾಂಟು ಮತ್ತು ಗಾತ್ರ ಅಲ್ಲಿನವು. ಮೇಲಿನ ಅಂಕಣವನ್ನಷ್ಟೇ ಬದಲಿಸಿ, ಫಾಂಟು ಹಿಡಿಯುತ್ತಿಲ್ಲವೆಂದು ಭಾವಿಸುವವರು ಬಹಳ. ಲಿಬ್ರೆ ಆಫೀಸಿನಲ್ಲಿ ಭಾಷಾ ಆಯ್ಕೆಗಳಡಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಸಕ್ರಿಯವಾಗಿರಬೇಕು.

ಮುದ್ರಣ ಕೇಂದ್ರಗಳಲ್ಲಿ ಇನ್ನೂ ಉಳಿದಿರುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ತಿಳಿಯದು. ಫೋಟೋಶಾಪಿನಲ್ಲಿ ಒತ್ತಕ್ಷರಗಳು ಒಡೆದು ಕಂಡರೆ, ಅಕ್ಷರ ಸಂಬಂಧಿ ಆಯ್ಕೆಗಳಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಎಂಬುದನ್ನು ಆರಿಸಬೇಕು.

ಪತ್ರವನ್ನು ಇ-ಅಂಚೆಯಲ್ಲಿ ಕಳುಹಿಸುವಾಗ ಪಿಡಿಎಫ್ ಆಗಿ ಉಳಿಸಿದರೆ ಫಾಂಟು ಕಡತದೊಳಗೇ ಸೇರಿಕೊಂಡು ಓದಲು ತೊಡಕಾಗುವುದಿಲ್ಲ. ಆದರೆ ಆಸ್ಕಿ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಸರಿಯಾಗಿ ಕಂಡರೂ, ಅದರಿಂದ ನಕಲು ಮಾಡಿ ಅಂತರಜಾಲ ನಮೂನೆಯಲ್ಲಿ ಅಂಟಿಸಿದರೆ ರೋಮನ್ ಅಕ್ಷರಗಳೇ ಬರುತ್ತವೆ. ನಮೂನೆಯ ಅಂಕಣದಲ್ಲಿ ಫಾಂಟು ಆಯ್ಕೆ ಇರುವುದಿಲ್ಲ, ಅಲ್ಲಿ ನಡೆಯುವುದು ಯೂನಿಕೋಡ್ ಮಾತ್ರ.

ಹಳೆಯ ಕಡತಗಳ ಪರಿವರ್ತನೆ

ಆಸ್ಕಿ ಪಠ್ಯವನ್ನು ಆಯ್ದು ಫಾಂಟನ್ನು ನಿರ್ಮಲಾ ಯುಐ ಎಂದು ಬದಲಿಸಿದ ಮಾತ್ರಕ್ಕೆ ಅದು ಯೂನಿಕೋಡ್ ಆಗುವುದಿಲ್ಲ. ಸಂಕೇತಗಳನ್ನೇ ಬದಲಿಸುವ ಪರಿವರ್ತಕ ಬೇಕಾಗುತ್ತದೆ. ಇದು ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಲಭ್ಯ. ಪಠ್ಯದ ಮೂಲ ಫಾಂಟು ಯಾವುದೆಂದು ಮೊದಲೇ ಗುರುತಿಸಿಟ್ಟುಕೊಳ್ಳಬೇಕು. ಶ್ರೀಲಿಪಿಯ ಸಂಕೇತಗಳು ಬೇರೆ, ನುಡಿಯ ಸಂಕೇತಗಳು ಬೇರೆ. ಇಂಗ್ಲಿಷ್ ಭಾಗಗಳನ್ನು ಹೊರತುಪಡಿಸಿ ಕನ್ನಡ ಭಾಗವನ್ನಷ್ಟೇ ಪರಿವರ್ತಿಸಬೇಕು. ಇಲ್ಲದಿದ್ದರೆ ಇ-ಅಂಚೆ ವಿಳಾಸ, ಪ್ಯಾನ್ ಸಂಖ್ಯೆಯ ಅಕ್ಷರಗಳು ಸಹ ಅರ್ಥವಿಲ್ಲದ ಕನ್ನಡವಾಗಿ ಬಿಡುತ್ತವೆ.

ಪರಿವರ್ತನೆಯ ನಂತರ ಹೆಸರು, ತಂದೆಯ ಹೆಸರು ಹಾಗೂ ಗ್ರಾಮದ ಹೆಸರುಗಳನ್ನು ಅಕ್ಷರಶಃ ಪರಿಶೀಲಿಸತಕ್ಕದ್ದು. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವು ಮೊದಲು ಬರುತ್ತದೆ. ಪರಿವರ್ತಕವು ಇದನ್ನು ಸ್ಥಳಾಂತರಿಸುವಾಗ ಎಡವಿದರೆ ಪಾರ್ವತಿ, ಅರ್ಜುನ ಮುಂತಾದ ಹೆಸರುಗಳು ಕೆಡುತ್ತವೆ. ರಾಜ್‌ಕುಮಾರ್ ಎಂಬಲ್ಲಿ ಕಣ್ಣಿಗೆ ಕಾಣದ ವಿಭಜಕ ಸಂಕೇತ ಬಿಟ್ಟುಹೋದರೆ ರಾಜ್ಕುಮಾರ್ ಎಂದಾಗುತ್ತದೆ, ಮತ್ತು ಹುಡುಕಾಟದಲ್ಲಿ ಇವೆರಡೂ ಬೇರೆ ಬೇರೆ ಹೆಸರುಗಳೆಂದು ಎಣಿಕೆಯಾಗಬಹುದು.

ಬೆರಳಚ್ಚಿನಲ್ಲಿಯೂ ಒಂದು ದೋಷ ಪದೇ ಪದೇ ಕಂಡುಬರುತ್ತದೆ. ಅನುಸ್ವಾರದ ಬದಲಿಗೆ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವುದು. ‘ಶ೦ಕರ’ ಮತ್ತು ‘ಶಂಕರ’ ಎಂಬ ರೂಪಗಳು ನೋಡಲು ಹೆಚ್ಚುಕಡಿಮೆ ಒಂದೇ ಆಗಿದ್ದರೂ ಮೊದಲನೆಯದರಲ್ಲಿರುವುದು ಅಂಕಿ. ಸಂದೇಹವಿದ್ದಲ್ಲಿ ಅರ್ಜಿದಾರರು ಆ ಹೆಸರನ್ನು ಅಳಿಸಿ ಯೂನಿಕೋಡ್ ಕೀಲಿಮಣೆಯಲ್ಲಿ ಹೊಸದಾಗಿ ಬೆರಳಚ್ಚು ಮಾಡಿ, ಮುದ್ರಿತ ಪ್ರತಿಯನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡಿದ ನಂತರವೇ ಸಲ್ಲಿಸತಕ್ಕದ್ದು.