ಪ್ರತ್ಯಯದ ಬಲ

ದೇವದುರ್ಗ, ಮಾನ್ವಿಗಳ ಎರೆಹೊಲಗಳಲ್ಲಿ ಹತ್ತಿ ಬೆಳೆದವರಿಗೆ ಹಸಿರು ಕಾಯಿಕೊರಕದ ಹಾವಳಿಯನ್ನು ಹೊಸದಾಗಿ ಹೇಳಬೇಕಿಲ್ಲ. ಸಾಲ ತಂದು ಸಿಂಪಡಿಸಿದ ವಿಷಕ್ಕೆ ಹುಳು ಒಗ್ಗಿಹೋದುದನ್ನು, ರೈತ ಬರಿಗೈಯಾದುದನ್ನು ರಾಯಚೂರಿನ ಹತ್ತಿ ಮಾರುಕಟ್ಟೆಯೂ ಬಲ್ಲದು. ಹುಳುವನ್ನು ಕೊಲ್ಲುವ ಬದಲು ಅದರ ಒಳಮಾತನ್ನೇ ಕೆಡಿಸಬಹುದೇ?

ಈ ಪ್ರಶ್ನೆಗೆ ದಾರಿ ತೆರೆದದ್ದು 1989ರ ಒಂದು ಶೋಧ. ಅಮೆರಿಕದಲ್ಲಿ ಅಶೋಕ್ ರೈನಾ ಮತ್ತು ಸಂಗಡಿಗರು, ನಮ್ಮ ಕಾಯಿಕೊರಕದ ದಾಯಾದಿಯಾದ ಹೆಲಿಕೋವರ್ಪ ಜಿಯಾ ಪತಂಗದಲ್ಲಿ, 33 ಅಮೈನೋ ಆಮ್ಲಗಳ ನರಪೆಪ್ಟೈಡೊಂದನ್ನು ಗುರುತಿಸಿದರು. ಇರುಳಿನಲ್ಲಿ ಗಂಡನ್ನು ಕರೆಯುವ ಗಂಧವನ್ನು ತಯಾರಿಸೆಂದು ಹೆಣ್ಣಿನ ಗ್ರಂಥಿಗೆ ಆಜ್ಞೆ ಕೊಡುವುದು ಅದೇ. ಅದರ ಕೊನೆಯ ಐದು ಅಮೈನೋ ಆಮ್ಲಗಳೇ ಜೀವಾಳ; ತುದಿಯ ಅಮೈಡ್ ಗುಂಪನ್ನು ಕಳಚಿದರೆ ಆಜ್ಞೆಯ ಬಲ ಬಹುಮಟ್ಟಿಗೆ ಅಡಗುತ್ತದೆ. ಬಹುಕಾಲ ಕನ್ನಡ ವ್ಯಾಕರಣ ಪಾಠ ಹೇಳಿದ ನನಗೆ ಇದು ವಿಭಕ್ತಿಪ್ರತ್ಯಯದಂತೆ ಕಂಡಿತು. ಪ್ರಕೃತಿ ಎಷ್ಟೇ ದೊಡ್ಡದಿರಲಿ, ಪ್ರತ್ಯಯ ಹತ್ತದೆ ಅದು ವಾಕ್ಯದಲ್ಲಿ ನಿಲ್ಲದು.

ಕೀಟದ ದೇಹದ ಕಿಣ್ವಗಳು ಸಹಜ ಪೆಪ್ಟೈಡನ್ನು ಬೇಗನೆ ತುಂಡರಿಸುತ್ತವೆ. ಆದ್ದರಿಂದ ರೊನಾಲ್ಡ್ ನಾಕ್‌ಮನ್ ಮೊದಲಾದವರು ಅದರ ರಚನೆಯನ್ನು ಮಾರ್ಪಡಿಸಿ, ಕಿಣ್ವಗಳಿಗೆ ಜಗ್ಗದ ರೂಪಗಳನ್ನು ಕಟ್ಟಿದರು. ಕೆಲವು ಆಜ್ಞೆಯನ್ನು ಬಲಪಡಿಸಿದವು. ಕೆಲವು ಅದಕ್ಕೆ ಅಡ್ಡಬಂದವು.

2002ರಲ್ಲಿ ಬಂದ ಬಿಟಿ ಹತ್ತಿ ಹಸಿರು ಕಾಯಿಕೊರಕವನ್ನು ತಗ್ಗಿಸಿತು. ಆದರೆ ಗುಲಾಬಿ ಕಾಯಿಕೊರಕ ಮುಂದೆ ಅದನ್ನೂ ಅರಗಿಸಿಕೊಂಡಿತು. ಒಂದೇ ಅಸ್ತ್ರವನ್ನು ನೆಚ್ಚಬಾರದೆಂಬುದು ಇದರ ಪಾಠ. ಹುಳುವಿನ ಈ ವ್ಯಾಕರಣ ಪ್ರಯೋಗಾಲಯದಿಂದ ಹೊಲಕ್ಕೆ ನಡೆಯಬೇಕಾದ ದಾರಿ ಇನ್ನೂ ಉದ್ದವಿದೆ. ಮಾನ್ವಿಯ ರೈತನ ಸಾಲವನ್ನು ತುಸುವಾದರೂ ತಗ್ಗಿಸಿದ ದಿನ ಈ ವಿದ್ಯೆ ಸಾರ್ಥಕವಾದೀತು.