ಪಾಚಿ, ಚರಂಡಿ ಕೆಸರು ಮತ್ತು ಬೆಂಗಳೂರು ಗುಂಡಿ

ಮಯೂರ್ ವಿಹಾರಕ್ಕೆ ಬಂದು ಆರು ವರ್ಷ ಆಯ್ತು. ಗಾಳಿ ಆ ಕಡೆಯಿಂದ ಬೀಸಿದ ದಿನ ಘಾಜಿಪುರದ ಕಸದ ಬೆಟ್ಟದ ವಾಸನೆ ನಮ್ಮ ಬಾಲ್ಕನಿಗೇ ಬರುತ್ತೆ. 1984ರಲ್ಲಿ ಶುರುವಾದ ಆ ಬೆಟ್ಟ 2002ರಲ್ಲೇ ಭರ್ತಿ ಆಗಿತ್ತು. 2017ರಲ್ಲಿ ಒಂದು ಪಾಲು ಕುಸಿದು ಇಬ್ಬರು ಸತ್ತರು. ಮಂಡ್ಯದಿಂದ ಬಂದಿದ್ದ ಅಪ್ಪ ಅದನ್ನ ನೋಡಿ, "ಇಷ್ಟು ಗೊಬ್ಬರ ಇಟ್ಕೊಂಡು ಸುಮ್ನೆ ಯಾಕ್ಲಾ ಕೂತವ್ರೆ ಇವ್ರು?" ಅಂದರು.

ಆ ಮಾತು ತಲೆಯಲ್ಲಿ ಕೂತಿತ್ತು. ನೋಯ್ಡಾದ ನಮ್ಮ ಆಫೀಸ್ ಕ್ಯಾಂಪಸ್ಸಲ್ಲಿ ಚಿಕ್ಕದೊಂದು ಚರಂಡಿ ನೀರಿನ ಶುದ್ಧೀಕರಣ ಘಟಕ ಇದೆ. ಶುದ್ಧ ಮಾಡಿದ ನೀರು ಹೋಗಿ ಸೇರುವ ಕೊಳದಲ್ಲಿ ಬೇಸಿಗೆ ಬಂತೆಂದರೆ ಹಸಿರು ಪಾಚಿ. ನಾವು ನಾಲ್ಕು ಜನ ಇಂಜಿನಿಯರುಗಳು ಘಟಕದ ಕೆಸರನ್ನೂ ಈ ಪಾಚಿಯನ್ನೂ ಒಂದೇ ಗುಂಡಿಗೆ ಹಾಕಿಸಿ ಗೊಬ್ಬರ ಮಾಡ್ತೀವಿ ಅಂತ ಹೊರಟೆವು. ಎರಡನೇ ವಾರಕ್ಕೆ ಕ್ಯಾಂಟೀನಲ್ಲಿ ಕೂರೋಕಾಗದ ನಾತ. ಗುಂಡಿ ಮುಚ್ಚಿಸಿದರು.

ತಪ್ಪು ಎಲ್ಲಿ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಗಿಲ್ಬರ್ಟ್ ಫೌಲರ್ ಎಂಬ ಮ್ಯಾಂಚೆಸ್ಟರ್ ರಸಾಯನಶಾಸ್ತ್ರಜ್ಞನ ಕಥೆ. 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗಶಾಲೆಗೆ ಹೋದಾಗ, ಪಾಚಿ ಬೆಳೆದ ಬಾಟಲಿಗಳಲ್ಲಿ ಚರಂಡಿ ನೀರಿಗೆ ಗಾಳಿ ಊದಿ ಶುದ್ಧ ಮಾಡುವುದನ್ನು ಅವರು ನೋಡಿದರು. ವಾಪಸ್ ಬಂದು ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ಆ ದಿಕ್ಕಿನ ಪ್ರಯೋಗ ಹಚ್ಚಿದರು. 1914ರಲ್ಲಿ ಹೊರಬಂದದ್ದು ಆಕ್ಟಿವೇಟೆಡ್ ಸ್ಲಡ್ಜ್ ವಿಧಾನ. ನಿಮ್ಮ ಅಪಾರ್ಟ್‌ಮೆಂಟಿನ ಘಟಕವೂ ಬಹುಶಃ ಅದರ ಮರಿಮಗನೇ. ಆಮೇಲೆ 1916ರಲ್ಲಿ ಫೌಲರ್ ಬಂದದ್ದು ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ!

ಅದೇ ಸಂಸ್ಥೆಯಲ್ಲಿ ಮುಂದೆ ಸಿ.ಎನ್. ಆಚಾರ್ಯ ಕೆಲಸ ಮಾಡಿದರು. ಭತ್ತದ ಹುಲ್ಲು ಗಾಳಿಯಿಲ್ಲದೆ ಹೇಗೆ ಕೊಳೆಯುತ್ತದೆ ಅಂತ ಮೊದಲೇ ಅಧ್ಯಯನ ಮಾಡಿದ್ದವರು ಅವರು. ಆಲ್ಬರ್ಟ್ ಹೋವರ್ಡರ ಇಂದೋರ್ ವಿಧಾನದಲ್ಲಿ ಗೊಬ್ಬರವನ್ನು ಮತ್ತೆ ಮತ್ತೆ ತಿರುವಿ ಹಾಕಬೇಕು. ಮಲ ಸೇರಿದ ರಾಶಿಯನ್ನು ತಿರುವುವವರು ಯಾರು? 1939ರಲ್ಲಿ ಆಚಾರ್ಯರು ರೂಪಿಸಿದ ಬೆಂಗಳೂರು ವಿಧಾನದಲ್ಲಿ ತಿರುವೋದೇ ಇಲ್ಲ. ಸುಮಾರು ಒಂದು ಮೀಟರ್ ಆಳದ ಗುಂಡಿ, ಒಂದು ಪದರ ಊರಿನ ಒಣ ಕಸ, ಒಂದು ತೆಳು ಪದರ ಮಲ, ಮತ್ತೆ ಕಸ. ಮೇಲೆ ಮುಚ್ಚಿ ಆರರಿಂದ ಎಂಟು ತಿಂಗಳು ಬಿಟ್ಟುಬಿಡುವುದು. ಅಪ್ಪ 'ಮುನ್ಸಿಪಾಲ್ಟಿ ಗೊಬ್ಬರ' ಅಂತಿದ್ದದ್ದು ಇದನ್ನೇ.

ಒಣ ಕಸ ಅಂದೆನಲ್ಲ, ನಮ್ಮ ತಪ್ಪು ಅಲ್ಲೇ ಇತ್ತು. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಕೆಸರಲ್ಲಿ ಅದು ಹತ್ತರ ಆಸುಪಾಸು, ಪಾಚಿಯಲ್ಲೂ ಅಷ್ಟೇ. ಎರಡೂ ನೀರು ನೀರು. ಸಾರಿಗೆ ಹುಳಿ ಹಿಂಡಿ, ಮೇಲೆ ಮಜ್ಜಿಗೆ ಸುರಿದ ಹಾಗಾಯ್ತು. ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಹೊಡೆಯಿತು. ದೆಹಲಿಯಲ್ಲಿ ಒಣ ಎಲೆಗೆ ಬರವೇ? ಸುಡಬಾರದು ಅಂತ ನಿಷೇಧ ಇದ್ದರೂ ಫೆಬ್ರವರಿ-ಮಾರ್ಚಲ್ಲಿ ಮೂಲೆ ಮೂಲೆಯಲ್ಲಿ ಸುಡ್ತಾರೆ. ಈ ವರ್ಷ ಅದನ್ನೇ ಮೂಟೆ ಕಟ್ಟಿಸಿ ತಂದು, ಪದರ ಪದರವಾಗಿ ಹಾಕಿಸಿದೆವು. ಐದನೇ ದಿನ ರಾಶಿಯ ಒಳಗೆ 58 ಡಿಗ್ರಿ. ರೋಗಾಣು ಸಾಯೋದಕ್ಕೆ 55 ಡಿಗ್ರಿ ಕೆಲವು ದಿನ ನಿಲ್ಲಬೇಕು. ಆದರೂ ಈ ಗೊಬ್ಬರ ಬೇಲಿ ಗಿಡಕ್ಕೆ ಮಾತ್ರ. ಕೆಸರಲ್ಲಿ ಭಾರಲೋಹ ಇದ್ದರೆ ಯಾವ ಬಿಸಿಗೂ ಹೋಗಲ್ಲ.

ಒಂದು ವಿಷಯ ಬಾಕಿ ಇದೆ. ಆಚಾರ್ಯರ ಗುಂಡಿ ರಾಶಿ ತಿರುವುವ ಕೆಲಸ ತಪ್ಪಿಸಿತು, ಮಲವನ್ನು ಗುಂಡಿಯ ತನಕ ಹೊರುವ ಕೆಲಸವನ್ನಲ್ಲ. ಅದನ್ನು ಹೊತ್ತವರು ಯಾವ ಜಾತಿಯವರು ಅಂತ ಹೇಳಬೇಕಿಲ್ಲ. ಕರ್ನಾಟಕದಲ್ಲಿ ಮಲ ಹೊರುವುದನ್ನು ನಿಲ್ಲಿಸಲು ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ ಬರಬೇಕಾಯಿತು, ದೇಶದ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ನಮ್ಮ ಗುಂಡಿಗೂ ಕೆಸರು ಸುರಿದದ್ದು ನಾವು ನಾಲ್ವರಲ್ಲ, ಘಟಕದ ಇಬ್ಬರು ಹುಡುಗರು. ಮೊದಲ ಸಲ ಅವರ ಕೈಗೆ ಗವಸು ಇರಲಿಲ್ಲ. ನಾನು ಮೊಬೈಲಲ್ಲಿ ಫೋಟೋ ತೆಗೀತಾ ನಿಂತಿದ್ದೆ.